ಮಕ್ಕಳು ದೊಡ್ಡವರಾದ ಮೇಲೆ?

ಪತ್ರ: ಕಳೆದ ಸಂಚಿಕೆಯಲ್ಲಿ ಬೆಳವಣಿಗೆಯ ನ್ಯೂನತೆ ಇರುವವರ ಸೇವೆಗಳ ಬಗ್ಗೆ ಓದಿದೆ. ಎಲ್ಲಾ ಚಿಕ್ಕ ಮಕ್ಕಳದ್ದೇ. ನನ್ನ ಮಗನಿಗೆ ಡೌನ್ ಸಿಂಡ್ರೋಮ್, ವಯಸ್ಸು 31. ಎರಡು ತಿಂಗಳು ಕೆನ್ನೆಗೆ ಹೊಡೆದುಕೊಳ್ಳುತ್ತಿದ್ದ. ‘ಇಂಥವರು ಹೀಗೇ’ ಅಂದರು ಡಾಕ್ಟರು. ಕೊನೆಗೆ ನೋಡಿದರೆ ದವಡೆ ಹಲ್ಲು ಹುಳುಕಾಗಿತ್ತು. ಇವರಿಗೆ ಯೋಜನೆ ಮಾಡುವವರು ಯಾರು? – ಒಬ್ಬ ತಾಯಿ

ಉತ್ತರ: ಅಮ್ಮಾ, ತಪ್ಪು ನಮ್ಮದೇ. ಆ ಪುಟಗಳನ್ನು ಮತ್ತೆ ತಿರುವಿ ನೋಡಿದೆ. ನಿಮ್ಮ ಮಗನಿಗೆ ಅಂತ ಒಂದು ಸಾಲೂ ಇಲ್ಲ. ಯೋಜನೆ ಬರೆಯುವವರೂ ಎಷ್ಟೋ ಸಲ ಹೀಗೇ ಮಾಡುತ್ತಾರೆ. ಬೇಗ ಗುರುತಿಸಿ, ಥೆರಪಿ ಕೊಡಿಸಿ, ಶಾಲೆಗೆ ಸೇರಿಸಿ. ಅಲ್ಲಿಗೆ ಕಾಗದ ಮುಗಿಯಿತು. ಮಗು ಮಗುವಾಗಿಯೇ ಉಳಿಯುವುದಿಲ್ಲ, ಅಲ್ವಾ?

ಆ ಹಲ್ಲಿನ ವಿಷಯ ನನ್ನನ್ನು ಜಾಸ್ತಿ ಕಾಡಿತು. ಇದಕ್ಕೆ ವೈದ್ಯರಲ್ಲೇ ಒಂದು ಹೆಸರಿದೆ, ಡಯಾಗ್ನಾಸ್ಟಿಕ್ ಓವರ್‌ಶ್ಯಾಡೋಯಿಂಗ್. ನ್ಯೂನತೆಯ ನೆರಳು ಬಿದ್ದು ಕಾಯಿಲೆ ಕಾಣದೇ ಹೋಗುವುದು. ಬಾಯಲ್ಲಿ ಹೇಳಲಾಗದವರು ನೋವನ್ನು ಕೈಯಲ್ಲಿ ಹೇಳುತ್ತಾರೆ. ನಡವಳಿಕೆ ಇದ್ದಕ್ಕಿದ್ದಂತೆ ಬದಲಾದರೆ ಮೊದಲು ಹಲ್ಲು, ಕಿವಿ, ಹೊಟ್ಟೆ ನೋಡಬೇಕು. ಮಲಬದ್ಧತೆಯನ್ನು ಸುಮ್ನೆ ಬಿಟ್ಟರೆ ಅದೂ ಪ್ರಾಣಕ್ಕೆ ಬರಬಹುದು. ಅದಕ್ಕೇ ವರ್ಷಕ್ಕೊಮ್ಮೆ ಪೂರ್ತಿ ತಪಾಸಣೆ ಯೋಜನೆಯಲ್ಲೇ ಇರಬೇಕು. ಇಂಗ್ಲೆಂಡಿನಲ್ಲಿ ಬೌದ್ಧಿಕ ನ್ಯೂನತೆ ಇರುವವರಿಗೆ 14ನೇ ವಯಸ್ಸಿನಿಂದ ಈ ವ್ಯವಸ್ಥೆ ಇದೆ. ಡೌನ್ ಸಿಂಡ್ರೋಮ್ ಇದ್ದರೆ ಥೈರಾಯ್ಡ್, ಕಣ್ಣು, ಕಿವಿ ತಪ್ಪಿಸಬೇಡಿ. ಇವರಲ್ಲಿ ಆಲ್ಝೈಮರ್ ಅನ್ನುವ ಮರೆವಿನ ಕಾಯಿಲೆ ಬೇಗ ಕಾಣಿಸಿಕೊಳ್ಳುತ್ತದೆ, 40 ದಾಟಿದ ಮೇಲೆ ಗಮನ ಬೇಕು. ಆದರೆ ಮಂಕಾದ ತಕ್ಷಣ ಅದೇ ಅಂತ ತೀರ್ಮಾನಿಸುವುದೂ ತಪ್ಪು. ಥೈರಾಯ್ಡ್ ಕಡಿಮೆಯಾದರೂ ಮಂಕಾಗುತ್ತಾರೆ, ಅದಕ್ಕೆ ಮಾತ್ರೆ ಇದೆ.

ಇನ್ನು ಉಳಿದ ಸೇವೆ. ಸೇವೆ ಅಂದ ಕೂಡಲೇ ಎಲ್ಲರಿಗೂ ಒಂದು ಕಟ್ಟಡ ನೆನಪಾಗುತ್ತದೆ. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯ 19ನೇ ವಿಧಿ ಹೇಳುವುದೇ ಬೇರೆ: ಎಲ್ಲಿ, ಯಾರ ಜೊತೆ ಇರಬೇಕು ಅನ್ನುವುದು ಆ ವ್ಯಕ್ತಿಯ ಆಯ್ಕೆ. ಹಾಗಾಗಿ ಮೊದಲ ಪ್ರಶ್ನೆ ನಿಮ್ಮ ಮಗನಿಗೇ. ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಲು ಇಷ್ಟ? ಯಾರು ಜೊತೆಗಿದ್ದರೆ ಖುಷಿ? ಮಾತಿಲ್ಲದಿದ್ದರೆ ಚಿತ್ರ ತೋರಿಸಿ ಕೇಳಬಹುದು. ಎರಡನೇ ಪ್ರಶ್ನೆ ನಿಮಗೆ. ನಿಮಗೇ ಜ್ವರ ಬಂದು ಮಲಗಿದರೆ ಆ ದಿನ ಯಾರು ನೋಡಿಕೊಳ್ಳುತ್ತಾರೆ? ತಾಯಿಗೂ ವಯಸ್ಸಾಗುತ್ತದೆ ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯೋಜನೆ ನನ್ನ ದೃಷ್ಟಿಯಲ್ಲಿ ಅರ್ಧ ಯೋಜನೆ.

ಅದೆಲ್ಲ ಆಗುವ ತನಕ ಒಂದು ಕೆಲಸ ಮಾಡಿ. ಒಂದೇ ಹಾಳೆಯಲ್ಲಿ ಬರೆದಿಡಿ: ಯಾವ ಮಾತ್ರೆ ನಡೆಯುತ್ತಿದೆ, ಯಾವ ಶಬ್ದಕ್ಕೆ ಹೆದರುತ್ತಾರೆ, ಏನು ಹೇಳಿದರೆ ಸಮಾಧಾನ. ಆಸ್ಪತ್ರೆಗೆ ಹೋದಾಗ ಮೊದಲು ಅದನ್ನೇ ಕೈಗಿಡಿ. ಎಲ್ಲಕ್ಕಿಂತ ಮೇಲಿನ ಸಾಲು ಇದಿರಲಿ: ‘ನೋವಾದರೆ ಕೆನ್ನೆಗೆ ಹೊಡೆದುಕೊಳ್ಳುತ್ತಾರೆ.’