ಗುಡ್ಡದ ಬೆಂಕಿ ದೂರ ಇದ್ದರೂ ಮನೆಗೆ ಅಪಾಯವೇ?

ಕಾಸರಗೋಡಿನ ಮುಳಿಗುಡ್ಡೆಯಲ್ಲಿ (ಮುಳಿಹುಲ್ಲು ಬೆಳೆಯುವ ಗುಡ್ಡದಲ್ಲಿ) ಹಂಚಿನ ಮನೆ, ಬೇಸಿಗೆಯಲ್ಲಿ ಬೆಂಕಿಯ ಭಯ, ಏನು ಮಾಡಲಿ ಎಂದು ಕೇಳಿದ್ದೀರಿ. ಜ್ವಾಲೆಗಿಂತ ಹಾರಿ ಬರುವ ಕಿಡಿಗೆ ಜಾಸ್ತಿ ಹೆದರಬೇಕು. ಜೋರು ಗಾಳಿಗೆ ಅದು ಒಂದು ಕಿಲೋಮೀಟರ್‌ಗೂ ಆಚೆ ಬೀಳಬಲ್ಲದು. ಹಂಚು ಸುಡುವುದಿಲ್ಲ, ನಿಜ. ಆದರೆ ಹಂಚಿನ ಸಂದಿನಲ್ಲಿ ಗೇರಿನ ತರಗೆಲೆ ಇರುತ್ತದೆ ಅಲ್ವಾ? ಅದರ ಕೆಳಗೆ ಹಂಚು ಹೊರುವ ಮರದ ಪಕ್ಕಾಸು. ಕಿಡಿಗೆ ಅಷ್ಟು ಸಾಕು. ಮೊದಲು ಮನೆಯ ಮಾಡನ್ನು (ಛಾವಣಿ) ಗುಡಿಸಿ. ಗೋಡೆಯಿಂದ ಒಂದೂವರೆ ಮೀಟರ್‌ವರೆಗೆ ಸುಡುವಂಥದ್ದು ಏನೂ ಬೇಡ: ಬಚ್ಚಲ ಕಟ್ಟಿಗೆ, ಒಣ ಸೋಗೆ, ಅಡಿಕೆ ಹಾಳೆ ಎಲ್ಲ ದೂರ ಇಡಿ. ಅಟ್ಟದ ಕಿಂಡಿಗೆ 3 ಮಿಲಿಮೀಟರ್ ಕಣ್ಣಿನ ಲೋಹದ ಬಲೆ ಹಾಕಿ. ಪ್ಲಾಸ್ಟಿಕ್ ಬಲೆ ಕರಗುತ್ತದೆ. ಬೆಂಕಿ ಇಳಿಜಾರಿನಲ್ಲಿ ಮೇಲಕ್ಕೆ ಬೇಗ ಏರುತ್ತದೆ, ಹಾಗಾಗಿ ಮನೆಯ ಕೆಳಬದಿಯ ಮುಳಿಯನ್ನು ಇನ್ನೂ ಅಗಲಕ್ಕೆ ಕೊಯ್ಯಿರಿ. ಗಾಳಿ ಇರುವಾಗ ಅದನ್ನು ಸುಡಲು ಮಾತ್ರ ಹೋಗಬೇಡಿ, ದಯವಿಟ್ಟು. ಬೆಂಕಿ ಕಂಡರೆ ಕೂಡಲೇ 101ಕ್ಕೆ ಕರೆ ಮಾಡಿ.