ಸಂಪಾದಕರ ಉತ್ತರ: ಹಳೇ ಸದ್ದು, ಹೊಸ ಬ್ಯಾಂಡು

ಪ್ರಿಯ ಓದುಗರೇ,

ನಿಮ್ಮ ಪತ್ರ ಸ್ವಲ್ಪ ಖಾರವಾಗಿಯೇ ಇದೆ. ಆದರೆ ಹಾಡುಗಳನ್ನು ಕೂತು ಕೇಳಿ ಬರೆದ ಪತ್ರ ಅದು. ಎರಡು ಸಾಲಿನಲ್ಲಿ ಉತ್ತರ ಮುಗಿಸಲು ಮನಸ್ಸು ಬರಲಿಲ್ಲ.

ಪತ್ರ ಓದದವರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ಹೊಸ ಇಂಡೀ ರಾಕ್ (ದೊಡ್ಡ ರೆಕಾರ್ಡ್ ಕಂಪನಿಗಳ ಹೊರಗೆ ಬೆಳೆದ ಗಿಟಾರ್ ಸಂಗೀತ) ಬ್ಯಾಂಡುಗಳನ್ನು ನಮ್ಮ ಪತ್ರಿಕೆ ಸುಮ್ನೆ ಹೊಗಳುತ್ತಿದೆ ಎಂಬುದು ನಿಮ್ಮ ದೂರು. ಅವುಗಳನ್ನು ಕೇಳಿದಾಗ ನಿಮಗೆ ಸಿಕ್ಕಿದ್ದು ಹಳೆಯ ಬ್ಯಾಂಡುಗಳೇ: ಜಾಯ್ ಡಿವಿಷನ್‌ನ ಬೇಸ್, ದಿ ಫಾಲ್‌ನ ಗೊಣಗಾಟ, ಮೈ ಬ್ಲಡಿ ವ್ಯಾಲೆಂಟೈನ್‌ನ ಮಂಜು ಕವಿದಂಥ ಗಿಟಾರ್. ‘ತೊಂಬತ್ತರ ದಶಕದವರಿಗೆ ಸ್ವಂತ ದನಿ ಇತ್ತು, ಇವರೆಲ್ಲ ಬರೀ ಜೆರಾಕ್ಸ್’ ಎಂದಿದ್ದೀರಿ. ಹೊಸ ಬ್ಯಾಂಡುಗಳ ಅಂಕಣ ನಿಲ್ಲಿಸಿ, ಆ ಜಾಗವನ್ನು ಹಳೆಯ ಆಲ್ಬಂಗಳಿಗೆ ಕೊಡಿ ಎಂದೂ ಕೇಳಿದ್ದೀರಿ.

ಮೊದಲು ತೊಂಬತ್ತರ ದಶಕದ ಮಾತು. ಅಲ್ಲಿ ನೀವು ಸ್ವಲ್ಪ ಜಾಸ್ತಿಯೇ ಧಾರಾಳವಾಗಿದ್ದೀರಿ. ನಿರ್ವಾಣ ಬ್ಯಾಂಡಿನ ಅತಿ ದೊಡ್ಡ ಹಾಡನ್ನು ಬರೆಯುವಾಗ ತಾನು ಪಿಕ್ಸೀಸ್ ಬ್ಯಾಂಡನ್ನು ಕಾಪಿ ಹೊಡೆಯಲು ನೋಡುತ್ತಿದ್ದೆ ಎಂದು ಅದರ ಗಾಯಕ ಕರ್ಟ್ ಕೊಬೇನ್ ಅವರೇ ಸಂದರ್ಶನದಲ್ಲಿ ಹೇಳಿದ್ದರು. ಅದು ಅಚ್ಚಾಗಿದ್ದು 1994ರಲ್ಲಿ. ಎಲಾಸ್ಟಿಕಾ ಬ್ಯಾಂಡಿನ ‘ಕನೆಕ್ಷನ್’ ಹಾಡಿನ ಗಿಟಾರ್ ಸಾಲು ವೈರ್ ಬ್ಯಾಂಡಿನ 1977ರ ಹಾಡೊಂದನ್ನು ಎಷ್ಟು ಹೋಲುತ್ತಿತ್ತೆಂದರೆ, ವಿಷಯ ಕೋರ್ಟಿನ ಹೊರಗಿನ ರಾಜಿಯಲ್ಲಿ ಮುಗಿಯಬೇಕಾಯಿತು. ರೇಡಿಯೊಹೆಡ್‌ನ ‘ಕ್ರೀಪ್’ ಹಾಡು ಬರೆದವರ ಪಟ್ಟಿಯಲ್ಲಿ ಎಪ್ಪತ್ತರ ದಶಕದ ಬೇರೊಂದು ಹಾಡಿನ ಇಬ್ಬರು ಲೇಖಕರ ಹೆಸರೂ ಇದೆ. ಇವೆಲ್ಲ ನೀವು ಹೊಗಳುವ ದಶಕದಲ್ಲೇ ನಡೆದದ್ದು, ಅಲ್ವಾ?

ನೀವು ಎತ್ತಿದ ಮೈ ಬ್ಲಡಿ ವ್ಯಾಲೆಂಟೈನ್ ಕಥೆ ಇನ್ನೂ ತಮಾಷೆಯದು. ಅವರ 1985ರ ಮೊದಲ ರೆಕಾರ್ಡ್ ಹುಡುಕಿ ಕೇಳಿ. ದಿ ಕ್ರ್ಯಾಂಪ್ಸ್, ದಿ ಬರ್ತ್‌ಡೇ ಪಾರ್ಟಿ ಬ್ಯಾಂಡುಗಳ ನೆರಳು ಎದ್ದು ಕಾಣುತ್ತದೆ. ಆಮೇಲೆ ಕೆಲವು ಕಾಲ ಆಗಿನ ಇಂಡೀ ಪಾಪ್ ಫ್ಯಾಷನ್ನಿನಂತೆ ಗಿಟಾರ್ ಕಿಣಿಕಿಣಿ ಎನ್ನಿಸಿದರು. ಗಿಟಾರಿನ ಟ್ರೆಮೊಲೊ ಆರ್ಮ್ (ಸ್ವರವನ್ನು ಬಾಗಿಸುವ ಸಣ್ಣ ಕಡ್ಡಿ) ಅನ್ನು ಕೈಯಲ್ಲಿ ಹಿಡಿದುಕೊಂಡೇ ತಂತಿ ಮೀಟುವ ಬ್ಯಾಂಡಿನ ಗಿಟಾರಿಸ್ಟ್ ಕೆವಿನ್ ಶೀಲ್ಡ್ಸ್ ಅವರ ವಿಧಾನ ಅದಾದ ಮೇಲೆ ಬಂತು. ‘ಲವ್‌ಲೆಸ್’ ಎಂಬ ಅವರ ಆಲ್ಬಂ ಬಂದದ್ದು 1991ರಲ್ಲಿ. 1985ರಲ್ಲೇ ಯಾರಾದರೂ ‘ಇವರು ನಕಲು’ ಎಂದು ಬರೆದಿದ್ದರೆ, ಬರೆದದ್ದು ಸರಿಯೇ ಇರುತ್ತಿತ್ತು. ಆದರೂ ಬ್ಯಾಂಡಿನ ಬಗ್ಗೆ ಏನೂ ಗೊತ್ತಾಗುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೂ ನಿಮ್ಮ ದೂರನ್ನು ತಳ್ಳಿಹಾಕಲಾರೆ. ಕಳೆದ ಕೆಲವು ವರ್ಷಗಳ ಪೋಸ್ಟ್‌-ಪಂಕ್ (ಪಂಕ್ ರಾಕ್ ಬೆನ್ನಿಗೆ ಎಪ್ಪತ್ತರ ದಶಕದ ಕೊನೆಗೆ ಹುಟ್ಟಿದ ಶೈಲಿ) ಅಲೆಯನ್ನೇ ನೋಡಿ. ಮುಂದೆ ನುಗ್ಗುವ ಬೇಸ್, ಚೂಪಾದ ಗಿಟಾರ್, ಅದರ ಮೇಲೆ ಹಾಡದೆ ಬರೀ ವ್ಯಂಗ್ಯವಾಗಿ ಮಾತಾಡುವ ಒಬ್ಬರು. ಮೊದಲ ನಾಲ್ಕೈದು ಬ್ಯಾಂಡುಗಳು ಮಜಾ ಕೊಟ್ಟವು. ಆಮೇಲೆ ಬಂದವುಗಳಲ್ಲಿ ಹೆಚ್ಚಿನವು ನನಗೂ ಬೇಸರ ತಂದವು. ಯಾವುದು ಯಾರದೆಂದು ಹೆಸರು ನೋಡದೆ ಹೇಳುವುದು ಕಷ್ಟ.

ಈ ಬೇಸರದ ಕಾರಣ ಹುಡುಕಿದರೆ ಮಾತ್ರ ನಾವಿಬ್ಬರೂ ಬೇರೆ ಬೇರೆ ಕಡೆ ಹೋಗುತ್ತೇವೆ. ನಿಮಗೆ ಎರವಲು ತಂದದ್ದೇ ತಪ್ಪು. ನನ್ನ ತಕರಾರು ಬೇರೆ. ಹಳೆಯ ಆ ಸದ್ದುಗಳೆಲ್ಲ ಯಾವುದೋ ಒಂದು ತೊಡಕಿನಿಂದ ಹುಟ್ಟಿದವು. ಜಾಯ್ ಡಿವಿಷನ್‌ನ ಪೀಟರ್ ಹುಕ್ ಬೇಸ್ ಗಿಟಾರನ್ನು ಅಷ್ಟು ಮೇಲಿನ ಸ್ವರಗಳಲ್ಲಿ ನುಡಿಸಿದ್ದು ಯಾಕೆ? ಅವರ ಆಂಪ್ಲಿಫೈಯರ್ ಕಳಪೆಯದು. ಕೆಳಗಿನ ಸ್ವರ ನುಡಿಸಿದರೆ ಪಕ್ಕದ ಗಿಟಾರಿನ ಗದ್ದಲದಲ್ಲಿ ಅವರಿಗೇ ಕೇಳಿಸುತ್ತಿರಲಿಲ್ಲ. ಸಾನಿಕ್ ಯೂತ್ ಬ್ಯಾಂಡಿನವರ ಕೈಯಲ್ಲಿದ್ದದ್ದು ಅಗ್ಗದ ಗಿಟಾರುಗಳು. ಮಾಮೂಲಿ ಶ್ರುತಿಯಲ್ಲಿ ಅವು ಕೆಟ್ಟದಾಗಿ ಕೇಳಿಸುತ್ತಿದ್ದವು. ಹಾಗಾಗಿ ಅವರು ವಿಚಿತ್ರ ಶ್ರುತಿಗಳನ್ನು ಕಟ್ಟಿಕೊಂಡರು, ತಂತಿಗಳ ಕೆಳಗೆ ಸ್ಕ್ರೂಡ್ರೈವರ್ ತುರುಕಿದರು. ಫೆಂಡರ್ ಜಾಜ್‌ಮಾಸ್ಟರ್ ಗಿಟಾರ್ ಇಂಡೀ ರಾಕ್‌ನ ಗುರುತಾಗಿದ್ದೂ ಹೀಗೇ. 1958ರಲ್ಲಿ ಬಂದ ಆ ಮಾಡೆಲ್ ಆಮೇಲೆ ಬೇಡಿಕೆ ಕಳೆದುಕೊಂಡು ಸೆಕೆಂಡ್‌ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತಿತ್ತು, ಕಾಸಿಲ್ಲದವರು ಕೊಂಡರು. ಈಗ ಅದಕ್ಕೆ ಒಳ್ಳೇ ಬೆಲೆ. ಆ ಕಾಸಿಲ್ಲದವರ ಹೆಸರಿನಲ್ಲೇ ಕಂಪನಿ ವಿಶೇಷ ಮಾಡೆಲ್‌ಗಳನ್ನು ಮಾರುತ್ತದೆ!

ಇವತ್ತಿನ ಹುಡುಗ ಹುಡುಗಿಯರಿಗೆ ಈ ಸದ್ದುಗಳೆಲ್ಲ ರೆಡಿಮೇಡ್ ಸಿಗುತ್ತವೆ. ಗಿಟಾರಿನ ಸದ್ದು ಬದಲಿಸುವ ಪೆಡಲ್ ಇದೆ, ಅದೇ ಕೆಲಸ ಮಾಡುವ ಕಂಪ್ಯೂಟರ್ ಪ್ಲಗ್‌ಇನ್ ಇದೆ, ಯಾವ ಗುಂಡಿ ಎಷ್ಟು ತಿರುಗಿಸಬೇಕೆಂದು ತೋರಿಸುವ ವಿಡಿಯೊ ಇದೆ. ಹಿಂದಿನವರು ಹಳೆಯ ರೆಕಾರ್ಡನ್ನು ಅರೆಬರೆ ಕೇಳಿ, ಕೈಲಾದಷ್ಟು ನಕಲು ಮಾಡುತ್ತಿದ್ದರು. ಆ ನಕಲು ಕೆಟ್ಟಲ್ಲೇ ಎಷ್ಟೋ ಸಲ ಹೊಸದೊಂದು ಹುಟ್ಟುತ್ತಿತ್ತು. ಈಗಿನ ನಕಲು ಕೆಡುವುದೇ ಇಲ್ಲ. ಬೇರೆಯವರ ಅಳತೆಗೆ ಹೊಲಿದ ಅಂಗಿಯನ್ನು ಇಸ್ತ್ರಿ ಮಾಡಿ ಹಾಕಿಕೊಂಡಂತೆ ಕೇಳಿಸುತ್ತದೆ.

ಹಾಗಾದರೆ ಹೊಸಬರಲ್ಲಿ ಯಾರನ್ನು ನಾನು ನಂಬುತ್ತೇನೆ? ತಮ್ಮದೇ ತೊಡಕು ಎದುರಾದವರನ್ನು. ಡ್ರೈ ಕ್ಲೀನಿಂಗ್ ಬ್ಯಾಂಡಿನ ಫ್ಲಾರೆನ್ಸ್ ಶಾ ಮೂಲತಃ ಗಾಯಕಿಯಲ್ಲ, ಚಿತ್ರಕಲೆಯ ಕಡೆಯಿಂದ ಬಂದವರು. ಹಾಡಿ ಅನುಭವವಿಲ್ಲದೆ ಮಾತಾಡಿದರು. ಅಲ್ಲಿ ಇಲ್ಲಿ ಕಂಡ ವಾಕ್ಯಗಳನ್ನೂ ಯೂಟ್ಯೂಬ್ ಕಾಮೆಂಟುಗಳನ್ನೂ ಹೆಕ್ಕಿ ಪೋಣಿಸಿದರು. ಮಾತಾಡುವ ಗುಂಪಿನಲ್ಲಿ ಅವರ ದನಿ ಮಾತ್ರ ನನಗೆ ತಟ್ಟನೆ ಗುರುತು ಸಿಗುತ್ತದೆ.

‘ಬ್ಲ್ಯಾಕ್ ಕಂಟ್ರಿ, ನ್ಯೂ ರೋಡ್’ ಎಂಬ ಬ್ಯಾಂಡಿನದ್ದು ಇನ್ನೂ ದೊಡ್ಡ ಕಥೆ. 2021ರ ಮೊದಲ ಆಲ್ಬಂನ ಒಂದು ಹಾಡಿನಲ್ಲಿ ಅವರು ತಮ್ಮನ್ನೇ ಗೇಲಿ ಮಾಡಿಕೊಂಡಿದ್ದಾರೆ, ಸ್ಲಿಂಟ್ ಎಂಬ ಹಳೆಯ ಬ್ಯಾಂಡನ್ನು ನಕಲು ಮಾಡುವವರಲ್ಲಿ ಜಗತ್ತಿಗೇ ಎರಡನೆಯವರು ಎಂಬ ಅರ್ಥದಲ್ಲಿ. ನಿಮ್ಮಂಥವರು ಏನು ಹೇಳುತ್ತಾರೆಂದು ಅವರಿಗೆ ಮೊದಲೇ ಗೊತ್ತಿತ್ತು ನೋಡಿ. ಮರುವರ್ಷ ಎರಡನೇ ಆಲ್ಬಂ ಬಿಡುಗಡೆಗೆ ಇನ್ನೇನು ಕೆಲವೇ ದಿನ ಇರುವಾಗ ಗಾಯಕ ಐಸಾಕ್ ವುಡ್ ಬ್ಯಾಂಡ್ ಬಿಟ್ಟರು. ಉಳಿದವರು ಅವರ ಹಾಡುಗಳನ್ನು ವೇದಿಕೆಯಲ್ಲಿ ಹಾಡುವುದನ್ನೇ ನಿಲ್ಲಿಸಿ, ಹೊಸದಾಗಿ ಬರೆದು, ದನಿ ಹಂಚಿಕೊಂಡು ಹಾಡಿದರು. 2023ರ ಲೈವ್ ಆಲ್ಬಂನಲ್ಲಿ ಸ್ಲಿಂಟ್ ನೆರಳು ಹುಡುಕಿದರೂ ಸಿಗುವುದು ಕಷ್ಟ.

ಗೀಸ್ ಬ್ಯಾಂಡಿನ 2021ರ ಆಲ್ಬಂ ಕೇಳಿ ‘ಹಳಬರಾದ ಸ್ಟ್ರೋಕ್ಸ್ ಬ್ಯಾಂಡಿನವರು ಇದ್ದಾರಲ್ಲ, ಇವರೇಕೆ’ ಎಂದು ನೀವು ಕೇಳಿದ್ದರೆ ನಾನು ತಲೆಯಾಡಿಸುತ್ತಿದ್ದೆ. ಹೈಸ್ಕೂಲು ಹುಡುಗರ ಆಲ್ಬಂ ಅದು. 2025ರ ‘ಗೆಟಿಂಗ್ ಕಿಲ್ಡ್’ ಕೇಳಿದ ಮೇಲೂ ಅದೇ ಮಾತು ಹೇಳುತ್ತೀರಾ? ಗಾಯಕ ಕ್ಯಾಮರಾನ್ ವಿಂಟರ್ ದನಿ ಅಲ್ಲಿ ಜಾರುತ್ತದೆ, ತೊದಲುತ್ತದೆ, ಕಿರಿಚುತ್ತದೆ. ಇಷ್ಟವಾಗದೇ ಇರಬಹುದು. ಯಾರದೋ ದನಿ ಎನ್ನಲಂತೂ ಆಗುವುದಿಲ್ಲ.

ನಮ್ಮ ವಿಮರ್ಶಕರು ಪ್ರತಿ ಸಲ ‘ಇಂಥವರ ಹಾಗಿದೆ’ ಎಂದು ಬರೆಯುವುದೂ ನಿಮಗೆ ಹಿಡಿಸಿಲ್ಲ. ಅದನ್ನು ಬಿಡಿಸಲಾರೆ. ಸದ್ದನ್ನು ಅಚ್ಚಿನಲ್ಲಿ ಕೇಳಿಸಲು ನಮ್ಮ ಬಳಿ ಬೇರೆ ದಾರಿ ಕಡಿಮೆ.

ಅಂಕಣ ನಿಲ್ಲುವುದಿಲ್ಲ. ಆದರೆ ನಿಮ್ಮ ಪತ್ರದ ನಂತರ ಒಂದು ಬದಲಾವಣೆ ಮಾಡುತ್ತಿದ್ದೇವೆ. ಮೊದಲ ಆಲ್ಬಂಗಳಿಗೆ ಚಿಕ್ಕ ಟಿಪ್ಪಣಿ ಸಾಕು. ಉದ್ದದ ವಿಮರ್ಶೆ ಎರಡನೆಯ, ಮೂರನೆಯ ಆಲ್ಬಂಗೆ. ಹಳೆಯ ಆಲ್ಬಂಗಳಿಗೆ ತಿಂಗಳಿಗೊಂದು ಪುಟ ಕೊಡುತ್ತೇವೆ. ವೈರ್ ಬಗ್ಗೆ ಪತ್ರದಲ್ಲಿ ನಾಲ್ಕು ಸಾಲು ಚೆನ್ನಾಗಿ ಬರೆದಿದ್ದೀರಿ. ಮೊದಲ ಪುಟ ನೀವೇ ಬರೆದುಕೊಡುತ್ತೀರಾ?

— ಸಂಪಾದಕ