ಅಮೆರಿಕದವರಿಗೆ ದೊಡ್ಡ ಇಂಜಿನ್ ಯಾಕಿಷ್ಟ, ಮನೆಯಲ್ಲೇ ಕಾರು ರಿಪೇರಿ ಈಗ ಯಾಕೆ ಕಷ್ಟ?

ಮುಖ್ಯ ಕಾರಣ ಅಗ್ಗದ ಪೆಟ್ರೋಲು. ಯುರೋಪಿನಷ್ಟು ತೆರಿಗೆ ಅಲ್ಲಿಲ್ಲ, ಜಪಾನಿನ ಹಾಗೆ ಸಿಸಿ ನೋಡಿ ವರ್ಷ ವರ್ಷ ತೆರಿಗೆ ಕಟ್ಟಿಸುವುದೂ ಇಲ್ಲ, ಜೊತೆಗೆ ದೂರದ ದಾರಿ, ಹಿಂದೆ ಟ್ರೇಲರ್ ಎಳೆಯುವ ಅಭ್ಯಾಸ. ಹಾಗಾಗಿ 5 ಲೀಟರಿನ ವಿ8 (ವಿ ಆಕಾರದಲ್ಲಿ ಎಂಟು ಸಿಲಿಂಡರ್) ಇಂಜಿನ್ ಇರುವ ಫೋರ್ಡ್ ಎಫ್-150 ಪಿಕಪ್ ಕೂಡ ಅಲ್ಲಿ ಮನೆಬಳಕೆಯ ಗಾಡಿಯೇ.

ರಿಪೇರಿ ಕಷ್ಟವಾಗಿದ್ದು ಇಂಜಿನ್ ದೊಡ್ಡದು ಅಂತಲ್ಲ. 1960ರ ದಶಕದ ವಿ8ಗಳಲ್ಲಿ ಕಾರ್ಬುರೇಟರ್ (ಗಾಳಿಗೆ ಪೆಟ್ರೋಲು ಬೆರೆಸುವ ಭಾಗ) ಇತ್ತು, ಕೈಯಾಡಿಸಲು ಜಾಗವಿತ್ತು, ಹೆಚ್ಚಿನ ಕೆಲಸಕ್ಕೆ ಸ್ಪ್ಯಾನರ್ ಸಾಕಿತ್ತು. ಈಗ ವಿ6 (ಆರು ಸಿಲಿಂಡರ್) ಇಂಜಿನನ್ನು ಅಡ್ಡಲಾಗಿ ಕೂರಿಸಿದ ಎಷ್ಟೋ ಕಾರುಗಳಲ್ಲಿ ಹಿಂಬದಿಯ ಮೂರು ಸ್ಪಾರ್ಕ್ ಪ್ಲಗ್ ಬದಲಿಸಲು ಇಂಜಿನ್ನಿಗೆ ಗಾಳಿ ಒಯ್ಯುವ ಮೇಲಿನ ಇನ್‌ಟೇಕ್ ಮ್ಯಾನಿಫೋಲ್ಡನ್ನೇ ಬಿಚ್ಚಬೇಕು, ಬರೀ ಪ್ಲಗ್ಗಿಗೆ ಇಷ್ಟು ಒದ್ದಾಟ ಅನ್ಯಾಯ ಅಲ್ವಾ! ಆದರೆ 1996ರಿಂದ ಅಲ್ಲಿ ಹೊಸ ಕಾರುಗಳಲ್ಲಿ ಒಬಿಡಿ-2 (ಕಾರು ತನ್ನ ದೋಷವನ್ನು ತಾನೇ ಪತ್ತೆ ಮಾಡುವ ವ್ಯವಸ್ಥೆ) ಕಡ್ಡಾಯ, ಅಗ್ಗದ ಸ್ಕ್ಯಾನರ್ ಚುಚ್ಚಿದರೆ ದೋಷದ ಕೋಡ್ ಸಿಗುತ್ತದೆ. ಸುಮ್ನೆ ಬಿಡಿಭಾಗ ಬದಲಿಸುವ ಮೊದಲು ಅದನ್ನು ನೋಡಿ.